ನಕಾಶೆಯಲ್ಲಿ ಇದ್ದ ದಾರಿ

ಅರುಣಕುಮಾರನಿಗೆ ಅಲ್ಲೇ ಕೂತು ಅಳಬೇಕೋ, ಎದ್ದು ಯಾರಿಗಾದರೂ ನಾಲ್ಕು ಬಿಡಬೇಕೋ ತಿಳಿಯಲಿಲ್ಲ. ಬುಧವಾರ ಬಂದಾಗ ಬಿಜ್ಜರಗಿಯ ಈ ಎರಡು ಹೊಲಗಳ ನಡುವೆ ಒಂದು ಸೈಕಲ್ ಹಾಯುವಷ್ಟಾದರೂ ದಾರಿ ಇತ್ತು. ಇವತ್ತು ಶುಕ್ರವಾರ. ದಾರಿ ಇದ್ದಲ್ಲಿ ಟ್ರ್ಯಾಕ್ಟರ್ ಹೊಡೆದು ಮೊಣಕಾಲೆತ್ತರದ ಮಣ್ಣಿನ ಹೆಂಟೆ ಎಬ್ಬಿಸಿದ್ದಾರೆ, ಎರಡೂ ತುದಿಗೆ ಜಾಲಿಮುಳ್ಳು ಬಡಿದಿದ್ದಾರೆ. ನಾಡಿದ್ದು ಭಾನುವಾರ ಇದೇ ದಾರಿಯಲ್ಲಿ ಅರವತ್ತು ಸೈಕಲ್ ಹಾಯಬೇಕು!

ಎರಡು ವರ್ಷ ಸ್ವಾಮಿ, ಎರಡು ವರ್ಷ. ವಿಜಯಪುರದ ಇಬ್ರಾಹಿಂಪುರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಈ ಮನುಷ್ಯ ಅಂಗಡಿಯನ್ನು ಹೆಂಡತಿ ವಿಜಯಲಕ್ಷ್ಮೀಯ ಕೊರಳಿಗೆ ಕಟ್ಟಿ, ಡಾಂಬರು ಸೋಕದ ತೊಂಬತ್ತು ಕಿಲೋಮೀಟರಿನ ಒಂದು ಸುತ್ತು ಹುಡುಕುತ್ತ ಅಲೆದಿದ್ದ. ಮೀಟರ್‌ಗೇಜಿನ ಹಳಿ ಕಿತ್ತ ಮೇಲೆ ಉಳಿದ ಗರಸಿನ, ಅಂದರೆ ಜಲ್ಲಿಮಣ್ಣಿನ, ಏರಿಯಿಂದ ಶುರು. ಜೈನಾಪುರದ ಹೊಲಗಳ ನಡುವಿನ ಗಾಡಿದಾರಿ, ಬಬಲೇಶ್ವರದ ಆಚೆ ಡೋಣಿ ಹೊಳೆಯ ದಂಡೆ, ಅಲ್ಲಿಂದ ತಿಕೋಟಾ, ಬಿಜ್ಜರಗಿ, ತಿರುಗಿ ಊರು. ಸೈಕಲ್ಲಿನ ಮಂದಿ ಇದಕ್ಕೆ ಗ್ರಾವೆಲ್ ಅನ್ನುತ್ತಾರೆ. ವಿಜಯಲಕ್ಷ್ಮೀ ಹುಚ್ಚು ಅನ್ನುತ್ತಾಳೆ.

"ಛಲೋ ಡಾಂಬರ ರಸ್ತಾ ಬಿಟ್ಟು ಗರಸು ಹುಡಕ್ಕೊಂಡ ಹೋಗೋರ್ನ ನಾ ನಿಮ್ಮನ್ನ ಬಿಟ್ರ ಮತ್ತೊಬ್ಬರನ್ನ ನೋಡಿಲ್ಲ ನೋಡ್ರಿ," ಎಂದು ಇವತ್ತು ಬೆಳಿಗ್ಗೆಯೂ ಅಂದಿದ್ದಳು.

ಆ ಇಡೀ ಸುತ್ತು ಕೂಡುವುದು ಈ ಅರ್ಧ ಕಿಲೋಮೀಟರಿನಲ್ಲಿ. ಇದು ಮುಚ್ಚಿತೋ, ಲಾರಿಗಳು ಮೈಮೇಲೆ ಬರುವ ಹೆದ್ದಾರಿಯೇ ಗತಿ. ಸೊಲ್ಲಾಪುರದಿಂದ, ಹುಬ್ಬಳ್ಳಿಯಿಂದ ಬರುವವರ ಮುಂದೆ, ಹೆದ್ದಾರಿ ಹತ್ತಿಸಿದರೆ ನನ್ನ ಹೆಸರು ಬದಲಿಸಿ ಎಂದು ಬೇರೆ ಕೊಚ್ಚಿಕೊಂಡಿದ್ದ.

ಇಷ್ಟಕ್ಕೂ ಕಾರಣ ಅವನದೇ ಹಾಳು ನಾಲಿಗೆ. ಬುಧವಾರ ಇಲ್ಲಿ ನಿಂತು ಫೋನು ನೋಡುತ್ತಿದ್ದಾಗ ಬಲಗಡೆ ಹೊಲದ ದುಂಡವ್ವ ಕೇಳಿದ್ದಳು. ಅರವತ್ತು ದಾಟಿದ ಹೆಂಗಸು, ಗಂಡ ಸತ್ತ ಮೇಲೆ ಹೊಲ ತಾನೇ ಮಾಡುವವಳು.

"ಯಪ್ಪಾ, ಫೋನಿನ್ಯಾಗ ಏನ ನೋಡಾಕತ್ತಿ?"

"ದಾರಿ ನೋಡಾಕತ್ತೇನಿ ಯವ್ವಾ. ಇಲ್ಲಿ ದಾರಿ ನಕಾಶಿದಾಗ ಐತಿ."

ಅಷ್ಟೇ ಹೇಳಿದ್ದು. ಅವನು ಹೇಳಿದ್ದು ಫೋನಿನ ನಕಾಶೆ. ಅದರಲ್ಲಿ ಇದ್ದದ್ದೂ ಹೋದ ವರ್ಷದ ಸುಗ್ಗಿಯಲ್ಲಿ ಅವನೇ ಇಲ್ಲಿ ಸೈಕಲ್ ತುಳಿದಾಗ ಮೂಡಿದ ಗೆರೆ. ಆದರೆ ಹೊಲ ಇದ್ದವರ ಕಿವಿಗೆ ನಕಾಶೆ ಎಂದರೆ ಒಂದೇ, ಊರಿನ ಹೊಲಗಳ ಲೆಕ್ಕ ಇಡುವ ತಲಾಟಿಯ ದಫ್ತರದಲ್ಲಿರುವ ಸರ್ಕಾರಿ ನಕಾಶೆ. ಅದರಲ್ಲಿ ದಾರಿ ಇದ್ದರೆ ಯಾರಪ್ಪ ಬಂದರೂ ಮುಚ್ಚುವ ಹಾಗಿಲ್ಲ.

ಎಡಗಡೆ ಹೊಲ ದುಂಡವ್ವನ ಮೈದುನ ರೇವಪ್ಪನದು. ಇಬ್ಬರ ಗಾಡಿಯೂ ಓಡಾಡುತ್ತಿದ್ದ ದಾರಿಯನ್ನು ಅವನು ಈ ಸಲದ ಬಿತ್ತನೆಯಲ್ಲಿ ಒಂದು ಗೇಣು ಬಿಟ್ಟು ಎಲ್ಲ ಹರಗಿ ತನ್ನ ಹೊಲಕ್ಕೆ ಸೇರಿಸಿದ್ದ. ಅವನಿಗೆ ಮೇಲುಗಡೆ ಬೇರೆ ದಾರಿ ಇದೆ. ಅವಳಿಗೆ ಇಲ್ಲ. ಕೊಯ್ದ ಜೋಳವನ್ನು ಅವಳು ತಲೆಯ ಮೇಲೆ ಹೊತ್ತು, ಕಲ್ಲುನೆಲದ ಮಡ್ಡಿ ಸುತ್ತುಹಾಕಿ ಊರು ಮುಟ್ಟಿಸಬೇಕು. ಅಂಥವಳಿಗೆ ನಕಾಶೆಯ ಸುದ್ದಿ ಸಿಕ್ಕರೆ ಸುಮ್ಮನಿರುತ್ತಾಳೆಯೇ? "ದಾರಿ ನಕಾಶಿದಾಗ ಐತಂತ! ಬಿಜಾಪುರದ ಸಾಹೇಬ್ರು ಬಂದು ಹೇಳ್ಯಾರ!" ಎಂದು ಊರೆಲ್ಲ ಸಾರಿದಳು. ಮರುದಿನ ಬೆಳಿಗ್ಗೆಯೇ ರೇವಪ್ಪ ದಾರಿಯ ಗುರುತೇ ಉಳಿಯದಂತೆ ಮಾಡಲು ಟ್ರ್ಯಾಕ್ಟರ್ ತಂದ.

ಈಗ ಇಬ್ಬರೂ ಅರುಣಕುಮಾರನ ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತು ಅವನ ಕಿವಿ ತೂತು ಮಾಡುತ್ತಿದ್ದರು.

"ತಗಿ ಯಪ್ಪಾ ನಿನ್ನ ನಕಾಶಿ! ತೋರಸ ಈ ಮೂಳಗ!"

"ಎಲ್ಲೈತ್ರಿ ದಾರಿ? ನಮ್ಮಪ್ಪನ ಕಾಲದಿಂದ ಇಲ್ಲಿ ಒಂದು ಗಾಡಿ ಗಾಲಿ ಉರುಳಿಲ್ಲ!"

"ಅಯ್ಯ ನಿಮ್ಮ! ಕೇಳ್ರಿಲ್ಲೆ," ಅರುಣಕುಮಾರ ಹಣೆ ಬಡಿದುಕೊಂಡ. "ಯವ್ವಾ, ಇದು ಸರ್ಕಾರದ ನಕಾಶಿ ಅಲ್ಲ, ಫೋನಿಂದು. ನಾ ಸಾಹೇಬ ಅಲ್ಲ, ಸೈಕಲ್ ರಿಪೇರಿ ಮಾಡಾಂವ!"

"ನೀ ಇಂವಗ ಅಂಜಬ್ಯಾಡ ಯಪ್ಪಾ, ಖರೇನ ಹೇಳ."

"ಇದ ಖರೇ ಯವ್ವಾ!"

ದುಂಡವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದರೆ ಬಯ್ಯಲಿಲ್ಲ, ಅದೇ ಅವನಿಗೆ ಕೆಟ್ಟದೆನಿಸಿತು. ಸೆರಗು ಬಿಗಿದುಕೊಂಡು ತನ್ನ ಹೊಲಕ್ಕೆ ಇಳಿದು ಕೊಯ್ದ ಜೋಳ ಹೊರೆ ಕಟ್ಟತೊಡಗಿದಳು.

ರೇವಪ್ಪ ಮೀಸೆಯಲ್ಲಿ ನಕ್ಕ. ಆ ನಗು ನೋಡಿ ಅರುಣಕುಮಾರನಿಗೆ ಮೈ ಉರಿಯಿತು. "ಅಲ್ಲೋ ಮಾರಾಯಾ, ಗಾಲಿನ ಉರುಳಿಲ್ಲ ಅಂತೀಯಲ್ಲ, ಹಂಗಾರ ಹೋದ ವರ್ಸ ನಾ ಇಲ್ಲಿ ಹಾರಿ ಬಂದಿದ್ನೇನು?" ಎಂದು ಫೋನಿನಲ್ಲಿ ಹಳೆಯ ಫೋಟೋ ತೆಗೆದು ಅವನ ಮುಖಕ್ಕೆ ಹಿಡಿದ. ಫೋಟೋದಲ್ಲಿ ಸೈಕಲ್ ಇತ್ತು, ಸೈಕಲ್ ಕೆಳಗೆ ಎರಡು ಗಾಲಿಯ ಗುರುತು ಮೂಡಿದ ದಾರಿ ಇತ್ತು, ಹಿಂದೆ ಜೋಳದ ದಂಟಿನ ಕಣಿಕೆ ಹೇರಿದ ಒಂದು ಎತ್ತಿನ ಗಾಡಿ ಬರುತ್ತಿತ್ತು. ಗಾಡಿಯ ಮೇಲೆ ಬಾರಕೋಲು ಎತ್ತಿ ಹಲ್ಲು ಬಿಡುತ್ತಿದ್ದವನು ರೇವಪ್ಪನೇ. ಅರುಣಕುಮಾರ ಈ ಫೋಟೋವನ್ನು ನೂರು ಸಲ ನೋಡಿದ್ದ, ಸೈಕಲ್ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ರೇವಪ್ಪನ ನಗು ಇಳಿಯಿತು. ಒಮ್ಮೆ ಅತ್ತಿಗೆಯ ಕಡೆ ನೋಡಿ, ಅರುಣಕುಮಾರನ ತೋಳು ಹಿಡಿದು ಪಕ್ಕಕ್ಕೆ ಕರೆದ.

"ಸರ, ನಿಮಗ ದಾರಿ ಬೇಕಾಗಿದ್ದು ರವಿವಾರ ಒಂದ ದಿನ ಹೌದಲ್ರಿ? ಇವತ್ತ ಸಂಜೀಕ ಮುಳ್ಳ ತಗದು, ಹೆಂಟಿ ಒಡದು ಸಪಾಟ ಮಾಡಿಸಿ ಕೊಡತೇನಿ. ಅರವತ್ತಲ್ಲ, ಆರ್ನೂರ ಸೈಕಲ್ ಹಾಯಿಸ್ರಿ. ಪ್ರತಿ ವರ್ಸ ಬರ್ರಿ. ಈ ಫೋಟೋ ಅಷ್ಟ ಅಳಿಸಿ ಬಿಡ್ರಿ."

ಸುಳ್ಳೇಕೆ ಹೇಳಬೇಕು, ಅರುಣಕುಮಾರನ ಬಾಯಲ್ಲಿ "ಆತು" ಎಂಬ ಮಾತು ಬಂದೇ ಬಿಟ್ಟಿತ್ತು. ಎರಡು ವರ್ಷ! ಅರವತ್ತು ಜನ! ಇವರ ಮನೆಯ ಜಗಳ ಇವರಿಗೆ, ನಡುವೆ ತಾನ್ಯಾರು? ಅಷ್ಟರಲ್ಲಿ ದುಂಡವ್ವ ಜೋಳದ ಹೊರೆ ತಲೆಗೇರಿಸಿಕೊಂಡು ಮಡ್ಡಿಯ ಕಡೆ ಹೊರಟಳು. ಈ ಮುದುಕಿಗೆ ಇದೇ ಹೊತ್ತೇ ಸಿಗಬೇಕೇ? ಇನ್ನು ಐದು ನಿಮಿಷ ಅಲ್ಲೇ ಬಗ್ಗಿ ಕೂತಿದ್ದರೆ ಇವನು ಕಣ್ಣುಮುಚ್ಚಿ ಹೂಂ ಅಂದು ಮನೆಗೆ ಹೋಗುತ್ತಿದ್ದ. ಅವಳ ಮೇಲೆ ಅವನಿಗೆ ನಿಜವಾಗಿಯೂ ಸಿಟ್ಟು ಬಂತು.

"ಏ ಯವ್ವಾ!" ಎಂದು ಆ ಸಿಟ್ಟಿನಲ್ಲೇ ಕೂಗಿದ. "ಆ ಹೊರಿ ಇಳಸಿ ಬಾ ಇಲ್ಲೆ. ಈ ಫೋಟೋದಾಗ ಯಾರದಾರ ನೋಡ."

ರೇವಪ್ಪ ಮುಳ್ಳು ತೆಗೆಯಲಿಲ್ಲ, ಭಾನುವಾರ ಅರವತ್ತು ಮಂದಿ ಹೆದ್ದಾರಿ ಹತ್ತಿದರು. ಲಾರಿಗಳು ಹಾರ್ನ್ ಹೊಡೆದು ಅವರನ್ನು ಅಂಚಿಗೆ ತಳ್ಳಿದವು. ಜೊತೆಗೆ ಸೈಕಲ್ ತುಳಿಯುತ್ತಿದ್ದ ಗೆಳೆಯ ಜುಬೇರ ಪೂರ್ತಿ ಹದಿನಾಲ್ಕು ಕಿಲೋಮೀಟರು "ಅಣ್ಣಾ, ಇನ್ನ ಮ್ಯಾಲೆ ನಿಮಗ ಏನಂತ ಕರೀಬೇಕ್ರಿ?" ಎಂದು ಕಾಡಿದ. ಸೊಲ್ಲಾಪುರದವರು ಮುಖ ಕೊಟ್ಟು ಮಾತಾಡದೆ ಹೋದರು. ಅರುಣಕುಮಾರ ರಾತ್ರಿ ಊಟ ಬಿಟ್ಟು ಮಲಗಿದ, ಸೋಮವಾರ ಮುಂಜಾನೆ ಗೊಣಗುತ್ತಲೇ ಎದ್ದು ಬಿಜ್ಜರಗಿಗೆ ಹೋಗಿ, ದುಂಡವ್ವನ ಜೊತೆ ತಲಾಟಿಯ ದಫ್ತರಕ್ಕೆ ನಡೆದ.

ತಲಾಟಿ ಫೋಟೋ ನೋಡಿದ, ದೊಡ್ಡ ನಕಾಶೆ ಬಿಚ್ಚಿ ನೋಡಿದ. "ಸರ್ಕಾರಿ ನಕಾಶಿದಾಗ ಈ ದಾರಿ ಇಲ್ಲವ್ವಾ. ಆದ್ರ ಮಂದಿ ಅಡ್ಡಾಡತಿದ್ರು ಅಂತ ಸಾಕ್ಷಿ ಇದ್ರ, ದಾರಿ ಬಿಡಸ್ರಿ ಅಂತ ತಹಶೀಲ್ದಾರರಿಗೆ ಬರೀಬಹುದು," ಎಂದು ಪೆನ್ನು ತೆಗೆದು ಅರುಣಕುಮಾರನ ಕಡೆ ತಿರುಗಿದ.

"ನೀವು ಈ ದಾರಿಗುಂಟ ಹಾದೀರೇನ್ರಿ?"

"ಹಾದೇನ್ರಿ."

"ನಿಮ್ಮದು ಆ ಕಡೆ ಹೊಲ ಐತೇನು?"

"ಇಲ್ರಿ."

"ಬೀಗರು?"

"ಇಲ್ರಿ."

"ಮತ್ತ ಯಾವ ಕೆಲಸಕ್ಕ ಹಾದ್ರಿ?"

ಎರಡು ವರ್ಷದಲ್ಲಿ ಹೆಂಡತಿಗೂ ಅರುಣಕುಮಾರ ಇದಕ್ಕೊಂದು ಉತ್ತರ ಕೊಟ್ಟಿರಲಿಲ್ಲ. "ಏನಿಲ್ರಿ... ಸುಮ್ನ."

ತಲಾಟಿಯ ಪೆನ್ನು ನಿಂತಿತು. "ಸುಮ್ನ ಅಂತ ಹ್ಯಾಂಗ್ ಬರೀಲ್ರಿ ಸರ್ಕಾರಿ ಕಾಗದದಾಗ?"

"ಬರಕೋರಿ ಸಾಹೇಬ್ರ," ಹಿಂದೆ ನೆಲದ ಮೇಲೆ ಕೂತಿದ್ದ ದುಂಡವ್ವ ಹೇಳಿದಳು. "ಸುಮ್ನ ಹೋಗೋರಿಗೂ ಅಲ್ಲಿ ದಾರಿ ಇತ್ತು ಅಂತ ಬರಕೋರಿ."

ತಲಾಟಿ ಹಾಗೆಯೇ ಬರೆದ. ಅರುಣಕುಮಾರ ಕೆಳಗೆ ಸಹಿ ಹಾಕಿದ.