ಲುತ್ಫಿಯ ನಿಲುವಂಗಿ

ಬಾಗಿಲು ಬಡಿದ ಸದ್ದಿಗೆ ಬಹಿಯ್ಯಾಳ ಎದೆ ಧಸಕ್ಕೆಂದಿತು. ಮಹಲ್ಲಾ ಪಟ್ಟಣದ ಈ ಹಾಳು ಕಟ್ಟಡಕ್ಕೆ ಬಂದಾಗಿನಿಂದ ಯಾವ ಬಡಿತವೂ ಅವಳಿಗೆ ಒಳ್ಳೆಯದಾಗಿ ಕೇಳಿಸಿದ್ದಿಲ್ಲ. ಸಂದಿಯಿಂದ ಇಣುಕಿದಳು. ಭತ್ಯದ ಕಚೇರಿಯ ಉಸ್ತಾದ್ ಮುನೀರ್! ಗಂಡ ಸತ್ತ ತಾಯಂದಿರಿಗೆ ಸರ್ಕಾರ ಕೊಡುವ ದುಡ್ಡು ಈ ಮುದುಕನ ಕೈಯಿಂದಲೇ ಮಂಜೂರಾಗಬೇಕು. ಅದು ನಿಂತರೆ ಇಬ್ಬರು ಹೆಣ್ಣುಮಕ್ಕಳ ಹೊಟ್ಟೆಗೆ ಏನೂ ಇಲ್ಲ.

"ಒಳಗೆ ಬನ್ನಿ ಉಸ್ತಾದ್," ಎಂದು ಗಡಬಡಿಸಿದಳು.

"ಛೇ ಛೇ, ಗಂಡಸಿಲ್ಲದ ಮನೆ ಅಂತ ನೀನೇ ಬರೆದುಕೊಟ್ಟಿದ್ದೀಯ. ನಾನು ಹೊಸ್ತಿಲು ದಾಟಬಾರದಮ್ಮಾ. ಬಾಗಿಲು ಪೂರ್ತಿ ತೆಗಿ, ಇಲ್ಲೇ ನಿಂತು ಮಾತಾಡೋಣ."

ಮರ್ಯಾದಸ್ಥ ಮನುಷ್ಯ. ಆ ಮರ್ಯಾದೆಗಿಷ್ಟು ಬೆಂಕಿ ಹಾಕ! ಈ ಮೆಟ್ಟಿಲ ಬಳಿ ಕೆಮ್ಮಿದರೂ ಕೆಳಗಿನ ಚಹಾದಂಗಡಿಗೆ ಕೇಳುತ್ತದೆ. ಅಲ್ಲಿ ರದ್ವಾನ್ ಕೂತಿರುತ್ತಾನೆ.

ಅವಳು ಬಂದ ಹೊಸದರಲ್ಲಿ ಈ ರದ್ವಾನ್ ಬೆಂಕಿಪೊಟ್ಟಣ ಕೇಳುವ ನೆಪದಲ್ಲಿ ಮತ್ತೆ ಮತ್ತೆ ಮೇಲೆ ಬಂದಿದ್ದ. ಒಮ್ಮೆ ಬಾಗಿಲು ಹಾಕಲು ಹೋದರೆ ಕಾಲು ಅಡ್ಡ ಇಟ್ಟು ನಕ್ಕಿದ್ದ. ಮರುದಿನವೇ ಅವಳು ಸತ್ತ ಗಂಡ ಲುತ್ಫಿಯ ನಿಲುವಂಗಿಯನ್ನು ನೆನೆಸಿ ಬಾಲ್ಕನಿಯ ಹಗ್ಗಕ್ಕೆ ಹಾಕಿದಳು. "ನಮ್ಮ ಯಜಮಾನರು ಲಾರಿ ಓಡಿಸ್ತಾರೆ, ಯಾವಾಗ ಬರ್ತಾರೋ ಹೇಳೋಕಾಗಲ್ಲ," ಎಂದು ಎಲ್ಲರಿಗೂ ಸಾರಿದಳು. ಒಂಟಿ ಹೆಂಗಸರು ಇನ್ನೇನು ಮಾಡಬೇಕು? ಅವಳ ತಾಯಿಯೂ ಹೀಗೇ ಮಾಡಿದ್ದಳು. ಅಂದಿನಿಂದ ರದ್ವಾನ್ ಮೆಟ್ಟಿಲು ಹತ್ತಿರಲಿಲ್ಲ.

"ಕೆಳಗೆ ವಿಚಾರಿಸಿದೆ," ಎಂದರು ಮುನೀರ್. "ನಿನ್ನ ಗಂಡ ಲಾರಿ ಡ್ರೈವರ್ ಅಂತೆ! ಹಗ್ಗದ ಮೇಲೆ ಅವನ ಬಟ್ಟೇನೂ ನೋಡಿದೆ. ಮತ್ತೆ ಮದುವೆಯಾದ್ರೆ ತಿಳಿಸಬೇಕು ಅಂತ ಹೇಳಿರಲಿಲ್ವಾ? ಭತ್ಯ ನಿಲ್ಲುತ್ತೆ, ತಗೊಂಡಿದ್ದನ್ನೂ ವಾಪಸ್ ಕಟ್ಟಬೇಕಾಗುತ್ತೆ."

ಬಹಿಯ್ಯಾ ಒಂದು ಹೆಜ್ಜೆ ಮುಂದೆ ಬಂದಳು. "ನಾಳೆ ಕಚೇರಿಗೇ ಬಂದು ಎಲ್ಲಾ ಹೇಳ್ತೀನಿ," ಎಂದು ಪಿಸುಗುಟ್ಟಿದಳು.

"ಏನಂದೆ? ಜೋರಾಗಿ ಹೇಳಮ್ಮಾ, ನನಗೆ ಕಿವಿ ಮಂದ."

"ನಾಳೆ ಬರ್ತೀನಿ ಉಸ್ತಾದ್, ನಿಮ್ಮ ಮಕ್ಕಳಾಣೆ!"

"ನಾಳೆ ಗೀಳೆ ಇಲ್ಲ. ವರದಿ ಇವತ್ತೇ ಹೋಗಬೇಕು. ಆ ಬಟ್ಟೆ ಯಾರದು?"

ಕಿರಿಯವಳು ಅಳತೊಡಗಿದಳು. ದೊಡ್ಡ ಮಗಳು ಶಹದ್ ತಾಯಿಯ ಅಂಗಿ ಹಿಡಿದು ನಿಂತಿದ್ದಳು. ಬಹಿಯ್ಯಾ ಮೆಟ್ಟಿಲ ಕಡೆ ನೋಡಿದಳು, ಮಕ್ಕಳ ಕಡೆ ನೋಡಿದಳು. ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಗಂಡ ಇಲ್ಲ!" ಎಂದು ಕೂಗಿಬಿಟ್ಟಳು. "ಯಾವ ಗಂಡಾನೂ ಇಲ್ಲ! ಅದು ಸತ್ತೋದ ಲುತ್ಫಿದು. ಹೆದರಿಕೆಗೆ ನಾನೇ ನೆನೆಸಿ ನೆನೆಸಿ ಹಾಕ್ತೀನಿ. ಈ ಮನೇಲಿ ನಾನು, ಈ ಎರಡು ಕೂಸು, ಅಷ್ಟೇ!"

ಕೆಳಗೆ ಲೋಟ ತೊಳೆಯುವ ಸದ್ದು ನಿಂತಿತು.

ಮುನೀರರ ಕಣ್ಣು ಒದ್ದೆಯಾಯಿತು. ನಿಂತಲ್ಲೇ ವರದಿಗೆ ಸಹಿ ಹಾಕಿದರು. "ಹೆದರಬೇಡ ತಾಯೀ. ನಿನ್ನ ಭತ್ಯ ಎಲ್ಲೂ ಹೋಗಲ್ಲ," ಎಂದು ಸಮಾಧಾನ ಹೇಳಿ, ಪುಣ್ಯ ಕಟ್ಟಿಕೊಂಡವರ ಹಾಗೆ ಮೆಟ್ಟಿಲಿಳಿದು ಹೋದರು.

ಬಹಿಯ್ಯಾ ಚಿಲಕ ಹಾಕಿ, ಮೇಜನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿದಳು. ಬಾಲ್ಕನಿಯಲ್ಲಿ ನಿಲುವಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅದು ಒಣಗುವಷ್ಟರಲ್ಲಿ ಚಪ್ಪಲಿಯ ಸದ್ದು ನಿಧಾನವಾಗಿ ಮೇಲೆ ಬಂತು, ಅವಳ ಬಾಗಿಲ ಮುಂದೆ ನಿಂತಿತು.

"ಉಮ್ಮು ಶಹದ್," ಎಂದು ಶಹದ್‌ಳ ತಾಯಿಯನ್ನು ಕರೆದ ರದ್ವಾನ್, ಬೆಣ್ಣೆಯಂಥ ದನಿಯಲ್ಲಿ. "ಲುತ್ಫಿ ತೀರಿಕೊಂಡಿದ್ದು ನಮಗೆ ಗೊತ್ತೇ ಇರಲಿಲ್ಲ ನೋಡು. ಅಲ್ಲಾಹು ಅವನ ಮೇಲೆ ಕರುಣೆ ತೋರಲಿ. ಬೆಂಕಿಪೊಟ್ಟಣ ಇದೆಯಾ?"