ಯಮುನಮ್ಮನ ಮನೆಯ ಫೋನು

ಗಂಗಾಶ್ರೀಯನ್ನು ಸೊರಬಕ್ಕೆ ಮದುವೆ ಮಾಡಿಕೊಟ್ಟ ವರ್ಷ, ಶಿರಾಳಕೊಪ್ಪದ ಆ ಓಣಿಯಲ್ಲಿ ಫೋನ್ ಇದ್ದದ್ದು ಗೊಬ್ಬರದಂಗಡಿಯ ಯಮುನಮ್ಮನ ಮನೆಯಲ್ಲಿ ಮಾತ್ರ. ಭಾನುವಾರ ಗಂಗಾಶ್ರೀ ಎಸ್‌ಟಿಡಿ ಬೂತಿನಿಂದ ಆ ನಂಬರಿಗೆ ಮಾಡುವಳು. “ರಾಜಕ್ಕಾ, ಮಗಳ ಫೋನು!” ಎಂದು ಯಮುನಮ್ಮ ಕೂಗಿದರೆ ಪಕ್ಕದ ಮನೆಯ ರಾಜೇಶ್ವರಮ್ಮ ಒಲೆ ಆರಿಸಿ ಓಡುವಳು.

ಬರಬರುತ್ತಾ ಆ ಕೂಗು ತಡವಾಗತೊಡಗಿತು. ಗೋಡೆಯಾಚೆ ಫೋನಿನ ಗಂಟೆ ಕೇಳುತ್ತಿತ್ತು. ಆಮೇಲೆ ಯಮುನಮ್ಮನ ನಗು, ಪಿಸುಮಾತು, ಮತ್ತೆ ನಗು. ಕೊನೆಗೆ ರಾಜೇಶ್ವರಮ್ಮನ ಕೈಗೆ ರಿಸೀವರ್ ಬಂದಾಗ ಅದರಲ್ಲಿ ಇನ್ನೊಬ್ಬಳ ಕೆನ್ನೆಯ ಬಿಸಿ ಇರುತ್ತಿತ್ತು. ಮಗಳು, “ಅವ್ವಾ, ಮೀಟರ್ ಓಡ್ತೈತೆ, ಇಡ್ತೀನಿ” ಎನ್ನುವಳು.

ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ನಾಲ್ಕು ಜನರ ಮುಂದೆ ಯಮುನಮ್ಮ ಅಂದಳು: “ಗಂಗಾಗೆ ಹುಳಿ ತಿನ್ನೋ ಆಸೆಯಂತಲ್ರೀ ಅಕ್ಕಾ. ಮಾವಿನಕಾಯಿ ಕಳ್ಸ್ರಿ.”

ಮಗಳು ಬಸುರಿಯೆಂದು ತಾಯಿಗೆ ತಿಳಿದದ್ದು ಹಾಗೆ. “ಗೊತ್ತೈತೆ ಬಿಡು,” ಎಂದು ಸುಳ್ಳು ಹೇಳಿ, ಹಿಟ್ಟಿನ ಡಬ್ಬ ಎತ್ತಿಕೊಂಡು ಮನೆಗೆ ಬಂದವಳೇ ಗಂಡ ಬೆನಕಪ್ಪನ ಎದುರು ನಿಂತಳು.

“ನಮಗೂ ಫೋನ್ ಬೇಕು.”

“ಯಾರಿಗೆ ಮಾಡ್ತೀಯೇ?”

“ಯಾರಿಗೂ ಮಾಡಲ್ಲ. ನನ್ನ ಮಗಳ ಮಾತು ಮೊದ್ಲು ನನ್ನ ಕಿವಿಗೆ ಬೀಳ್ಬೇಕು.”

ಅರ್ಜಿ ಹಾಕಿ ಕಾದರು. ಬಾಣಂತನ ಮುಗಿಸಿಕೊಂಡು ಗಂಗಾಶ್ರೀ ಗಂಡನ ಮನೆಗೆ ಹೋದ ಮೇಲೆ ಫೋನ್ ಬಂತು. ರಾಜೇಶ್ವರಮ್ಮ ಅದಕ್ಕೆ ಕ್ರೋಶಾ ಹೊದಿಕೆ ಹೆಣೆದು, ಭಾನುವಾರ ಅದರ ಪಕ್ಕದಲ್ಲೇ ಕುಳಿತಳು.

“ಊಟ ಆಯ್ತಾ ಅವ್ವಾ?”

“ಆಯ್ತು. ನಿಂದು?”

“ಹ್ಞೂಂ.”

“ಕೂಸಿಗೆ ತಣ್ಣೀರು ಹಾಕ್ಬೇಡ. ಎಣ್ಣೆ ತಿಕ್ತೀಯೋ ಇಲ್ಲೋ?”

“ತಿಕ್ತೀನಿ.”

ಆಮೇಲೆ ತಂತಿಯ ಗೊರಗೊರ ಮಾತ್ರ. ಪ್ರತಿ ವಾರವೂ ಅಷ್ಟೇ.

ಒಂದು ಬುಧವಾರ ಗೋಡೆಯಾಚೆ ಫೋನಿನ ಗಂಟೆ ಕೇಳಿಸಿತು. ಹಿಂದೆಯೇ ಅದೇ ನಗು. ರಾಜೇಶ್ವರಮ್ಮ ನೇರ ಪಕ್ಕದ ಮನೆಗೆ ನಡೆದಳು. ಯಮುನಮ್ಮ ಅಳುಕಲಿಲ್ಲ. “ಬರ್ರಿ ಅಕ್ಕಾ, ಗಂಗಾನೇ. ಮಾತಾಡ್ರಿ,” ಎಂದು ರಿಸೀವರ್ ಚಾಚಿದಳು.

“ನಮ್ಮನೆ ಫೋನ್ ಕೆಟ್ಟಿಲ್ಲ,” ಎಂದು ರಾಜೇಶ್ವರಮ್ಮ ಹೊರಳಿ ಬಂದಳು. ಆ ದಿನ ಅವಳಿಗೆ ಅನ್ನ ಸೇರಲಿಲ್ಲ.

ಭಾನುವಾರ ಮಗಳನ್ನು ಕೇಳಿಯೇಬಿಟ್ಟಳು: “ನನಗೆ ಹೇಳ್ದಿರೋದು ಏನು ಹೇಳ್ತೀ ಅವ್ಳಿಗೆ?”

“ನೆಂಟ್ರು ಬಂದ ದಿನ ಪಾಯಸಕ್ಕೆ ಉಪ್ಪು ಹಾಕ್ಬಿಟ್ಟಿದ್ದೆ. ಅದನ್ನ ಹೇಳ್ದೆ. ನಿನಗೆ ಹೇಳಿದ್ರೆ ಬೈತೀಯ. ಅವ್ರು ನಗ್ತಾರೆ.”

‘ಕಣ್ಣು ಎಲ್ಲಿಟ್ಟಿದ್ದೆ’ ಎನ್ನುವ ಮಾತು ರಾಜೇಶ್ವರಮ್ಮನ ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡಳು.

“ಯಾರಾದ್ರೂ ಉಂಡ್ರಾ ಅದನ್ನ?”

“ಮಾವ ಉಂಡ್ರು ಅವ್ವಾ. ಎರಡನೇ ಸಲ ಹಾಕಿಸ್ಕೊಂಡ್ರು!”

ತಾಯಿಗೆ ನಗು ಬಂತು, ತುಸು ಒರಟಾಗಿ. ಮಗಳೂ ನಕ್ಕಳು. ಅಂದು ಅವರು ಹಿಂದೆಂದಿಗಿಂತ ಹೆಚ್ಚು ಹೊತ್ತು ಮಾತಾಡಿದರು.

ಆದರೆ ಹೊಟ್ಟೆಕಿಚ್ಚು ಪೂರ್ತಿ ಹೋಗಲಿಲ್ಲ. ವಾರದ ನಡುವೆ ಯಮುನಮ್ಮನ ಫೋನ್ ರಿಂಗಾದರೆ ಸಾಕು, ರಾಜೇಶ್ವರಮ್ಮ ಬೇಕಿರಲಿ ಬೇಡವಾಗಲಿ ಒಂದು ಚಟ್ನಿ ರುಬ್ಬಲು ಮಿಕ್ಸಿ ಹಾಕಿಬಿಡುತ್ತಿದ್ದಳು.