ಹೆಬ್ಬಾತುಗಳ ಹಾಜರಿ

ಇಂಡಿ ಊರಿನ ನಿಂಬೆ ತೋಟಗಳು ಹಿಂದೆ ಸರಿಯುವ ಮೊದಲೇ ಜಯಮಾಲಾ ಕಾರಿನಲ್ಲಿ ಪಾಠ ಶುರುಮಾಡಿದ್ದಳು. ಬಸವನ ಬಾಗೇವಾಡಿಗೆ ಇನ್ನೆಷ್ಟು ಕಿಲೋಮೀಟರು, ಇದೇ ವೇಗದಲ್ಲಿ ಹೋದರೆ ಎಷ್ಟೊತ್ತಿಗೆ ಮುಟ್ಟುತ್ತೇವೆ ಎಂದು ಒಂಬತ್ತು ವರ್ಷದ ಮಗಳು ನೀಲಾಂಬಿಕಾಗೆ ಲೆಕ್ಕ ಕೊಟ್ಟಳು. ಗಂಡ ಕಲ್ಮೇಶ ಪಾಪ, ಮಗಳ ಲೆಕ್ಕ ಕೆಡಬಾರದೆಂದು ಒಂದೇ ಹದದಲ್ಲಿ ಗಾಡಿ ಹೊಡೆದ.

ಮಸೂತಿ ಊರಿನ ಹತ್ತಿರ ಹೊಲದ ಬದುವಿನಲ್ಲಿ ನಿಂತು, ಉಳ್ಳಾಗಡ್ಡಿ ಬೇರೋ ಕಾಂಡವೋ ಎಂಬ ಪಾಠವಾಯಿತು.

"ಬೇರಾರ ಆಗ್ಲಿ, ಕಾಂಡಾರ ಆಗ್ಲಿ, ರೊಟ್ಟಿ ಜೋಡಿ ರುಚಿ ಆದ್ರ ಸಾಕು," ಎಂದಳು ಜೊತೆಗೆ ಬಂದಿದ್ದ ಅತ್ತೆ ಕಸ್ತೂರೆವ್ವ. ಆಮೇಲೆ ದನಿ ತಗ್ಗಿಸಿ, "ಕೂಸಿನ್ನ ಸಾಲಿಗೆ ಕಳಸು, ಜಯಾ. ಡಾಕ್ಟರ್ ಹೂಂ ಅಂದಾರಲ್ಲ?"

"ಮುಂದಿನ ವರ್ಷ ನೋಡೂಣ್ರಿ, ಅತ್ತಿ."

ಹೋದ ವರ್ಷ ಶಾಲೆಯ ಅಂಗಳದಲ್ಲಿ ನೀಲಾಂಬಿಕಾ ಫಿಟ್ಸ್ ಬಂದು ಬಿದ್ದಿದ್ದಳು. ಗುಳಿಗೆ ಶುರುವಾದ ಮೇಲೆ ಮತ್ತೆ ಬಂದಿರಲಿಲ್ಲ. ಆದರೆ ಆ ದಿನ ಮಗಳ ಹಣೆಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದವಳು ಜಯಮಾಲಾ. ಅಂದಿನಿಂದ ಅವಳು ಮನೆಯನ್ನೇ ಶಾಲೆ ಮಾಡಿದಳು. ಮಗಳೂ ಚೆನ್ನಾಗಿ ಕಲಿತಳು, ಒಮ್ಮೆಯೂ ಹಟ ಮಾಡಲಿಲ್ಲ. ಹಟ ಮಾಡದ ಮಗು ಸುಖವಾಗಿದೆ ಎಂದು ತಾಯಿ ನಂಬಿದಳು. ಹಾಗೆ ನಂಬುವುದು ಅವಳಿಗೆ ಬೇಕಾಗಿತ್ತು.

ಗೊಳಸಂಗಿ ದಾಟಿ ಕೃಷ್ಣೆಯ ಹಿನ್ನೀರಿನ ದಂಡೆಗೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಹಿಮಾಲಯದಾಚೆಯಿಂದ ಬಂದ ಹೆಬ್ಬಾತುಗಳು ಕೆಸರಿನಲ್ಲಿ ಹಿಂಡಾಗಿ ನಿಂತಿದ್ದವು. ಅವನ್ನು ನೋಡಿಕೊಂಡಿರು ಎಂದು ಮಗಳಿಗೆ ಹೇಳಿ, ಜಯಮಾಲಾ ಬುತ್ತಿ ತರಲು ಕಾರಿನತ್ತ ಹೋದಳು. ಬುತ್ತಿ ಹಿಡಿದು ಮರಳುವಾಗ ಮಗಳ ದನಿ ಕೇಳಿ ನಿಂತುಬಿಟ್ಟಳು.

ನೀಲಾಂಬಿಕಾ ಬೆನ್ನ ಹಿಂದೆ ಕೈಕಟ್ಟಿಕೊಂಡು ಹೆಬ್ಬಾತುಗಳ ಹಾಜರಿ ಕರೆಯುತ್ತಿದ್ದಳು.

"ಸುಲ್ತಾನಾ!" ಎಂದು ಕೂಗಿ, ತಾನೇ ಸಣ್ಣ ದನಿಯಲ್ಲಿ, "ಹಾಜರ ಅದೀನ್ರಿ, ಟೀಚರ್."

"ಧೂಳಪ್ಪ! ಏ ಧೂಳಪ್ಪ, ಎದ್ದು ನಿಂದ್ರಲೇ!"

ಎಲ್ಲ ಅವಳ ತರಗತಿಯ ಮಕ್ಕಳ ಹೆಸರೇ. ಒಂದನ್ನೂ ಮರೆತಿರಲಿಲ್ಲ.

"ನೀಲಾಂಬಿಕಾ!"

ಈ ಹೆಸರಿಗೆ ಉತ್ತರ ಕೊಟ್ಟದ್ದು ಸುಲ್ತಾನಾಳ ಸಣ್ಣ ದನಿ: "ಆಕಿ ಬರೂದಿಲ್ರಿ, ಟೀಚರ್. ಆಕೀಗೆ ಆರಾಮ ಐತ್ರಿ. ಅವರವ್ವಗ ಅಂಜಿಕಿ ಐತ್ರಿ."

ಇಷ್ಟು ದಿನ ಜಯಮಾಲಾ ತಾನು ಮಗಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಮಗಳೇ ತನ್ನನ್ನು ಕಾಯುತ್ತಿದ್ದಳು. ಬುತ್ತಿಯನ್ನು ಕಲ್ಲಿನ ಮೇಲಿಟ್ಟು ಮುಂದೆ ಬಂದು, ಪಾಲಕರು ನಿಲ್ಲುವ ಹಾಗೆ ಕೈಜೋಡಿಸಿ ನಿಂತಳು.

"ಟೀಚರ್, ಸೋಮವಾರದಿಂದ ಕಳಸ್ತೇನ್ರಿ."

ನೀಲಾಂಬಿಕಾ ಬೆಚ್ಚಿ ತಿರುಗಿದಳು. ಇದು ಆಟವೋ ಖರೆಯೋ ಎಂದು ಅವ್ವನ ಮುಖವನ್ನೇ ನೋಡಿದಳು.

"ನಿನ್ನ ಅಂಜಿಕಿ ಹೋತೇನು, ಅವ್ವಾ?"

"ಇಲ್ಲ, ಕೂಸ. ಅಂಜಿಕೋಂತನ ಕಳಸ್ತೇನಿ."

ಹುಡುಗಿ ಹಿನ್ನೀರಿನ ಕಡೆ ತಿರುಗಿ, ಮೂಗೊರೆಸಿಕೊಂಡು, ನೆಟ್ಟಗೆ ನಿಂತು ತನ್ನ ಹೆಸರನ್ನು ಇನ್ನೊಮ್ಮೆ ಕರೆದಳು. ಆಮೇಲೆ ಎದೆ ತುಂಬ ಉಸಿರೆಳೆದು, "ಹಾಜರ ಅದೀನ್ರಿ, ಟೀಚರ್!" ಎಂದು ಕೂಗಿದ ಕೂಗಿಗೆ ಇಡೀ ತರಗತಿಯೇ ಎದ್ದು ಹಾರಿಹೋಯಿತು.